ಏಳನೆಯವರ ಗೆರೆ

ಹಾರಿಬಂದ ಒಣ ಬಟಾಣಿ ಕಾಳೊಂದು ಸರಿಯಾಗಿ ಅವನ ಹಣೆಗೆ ಬಡಿಯಿತು.

ಅವನು ಲ್ಯಾಬಿನ ಹೊಸ್ತಿಲಲ್ಲೇ ನಿಂತುಬಿಟ್ಟ. ಹಿಂದೆಯೇ ಇನ್ನೂ ನಾಲ್ಕೈದು ಕಾಳುಗಳು ಬಂದವು. ಒಂದು ಕನ್ನಡಕಕ್ಕೆ, ಒಂದು ಕಿವಿಗೆ, ಉಳಿದವು ಇಸ್ತ್ರಿ ಮಾಡಿದ ಅಂಗಿಗೆ.

"ಬಗ್ಗು," ಎಂದಳು ಅವಳು, ಎಲ್ಲ ಮುಗಿದ ಮೇಲೆ.

ಮೇಜಿಗೆ ಸಿಕ್ಕಿಸಿದ್ದ ಚಮಚವೊಂದು ದೆವ್ವ ಹಿಡಿದಂತೆ ಒದ್ದಾಡುತ್ತಿತ್ತು. ಅವಳು ಓಡಿಹೋಗಿ ವೈರು ಕಿತ್ತಳು. ಚಮಚ ಸುಮ್ಮನಾಯಿತು. ಅವಳ ಮುಖ ಮಾತ್ರ ಕೆಂಪಾಗಿತ್ತು... ನಾಚಿಕೆಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

"ಇದು ಏನು ಮಾಡ್ಬೇಕು?" ಅವನು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದ.

"ಕೈ ನಡುಗೋರು ಊಟ ಮಾಡೋಕೆ. ಕೈ ಈ ಕಡೆ ಅಲ್ಲಾಡಿದ್ರೆ, ಹ್ಯಾಂಡಲಿನ ಒಳಗಿರೋ ಮೋಟರು ಚಮಚನ ಆ ಕಡೆ ತಳ್ಳಿ ಸಮ ಮಾಡ್ಬೇಕು."

"ಈಗ ಅದೂ ಈ ಕಡೆಗೇ ತಳ್ತಿದೆ. ಮೋಟರಿನ ವೈರು ಅದಲುಬದಲಾಗಿದೆ."

ಅವಳು ಬಗ್ಗಿ ನೋಡಿದಳು. ಹೌದು. ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡು ಕೂತವಳಿಗೆ ಕಾಣದ್ದು ಬಟಾಣಿ ಏಟು ತಿಂದವನಿಗೆ ಕಂಡಿತ್ತು.

'ಇವನನ್ನ ಇಲ್ಲಿಗೆ ಕರೆದವರು ಯಾರು?'

"ಗೈಡ್ ಮೇಡಂ ಕಳಿಸಿದ್ರು," ಎಂದ ಅವನು, ಮನಸ್ಸಿನ ಮಾತು ಕೇಳಿಸಿದವನಂತೆ. "ನಿನ್ನ ಪಾರ್ಟ್‌ನರ್ ಅರ್ಧಕ್ಕೇ ಬಿಟ್ಟುಹೋದನಂತಲ್ಲ. ಇನ್ಮೇಲೆ ನಾನು."

ಒಂದೇ ಕ್ಲಾಸಿನಲ್ಲಿ ಮೂರು ವರ್ಷ ಕಳೆದರೂ ಇಬ್ಬರೂ ಸರಿಯಾಗಿ ಮಾತಾಡಿದವರಲ್ಲ. ಬಾಯಿ ಬಿಚ್ಚಿದರೆ ಮುತ್ತು ಉದುರೀತು ಎಂಬಂತೆ ಇರುತ್ತಿದ್ದ ಅವನನ್ನು ಎಲ್ಲರೂ ಗುಮ್ಮನಗುಸುಕ ಎನ್ನುತ್ತಿದ್ದರು. ಅದು ಉದ್ದವಾಯಿತೆಂದು ಬರೀ ಗುಮ್ಮ ಆಗಿತ್ತು. ಅವಳಿಗೂ ಒಂದು ಹೆಸರಿತ್ತು, ಜಡ್ಜಮ್ಮ. ಯಾರ ಪ್ರಯೋಗದ ಉತ್ತರ ತೀರಾ ಚೆನ್ನಾಗಿ ಬಂದರೂ "ಎಲ್ಲಿಂದ ಇಳಿಸಿದ್ದು?" ಎಂದು ಕೇಳುವವಳು ಅವಳು. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವ ಅಪ್ಪನ ಮಗಳು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವಳಿಗೆ ಸಮಾಧಾನವಿಲ್ಲ.

ಗುಮ್ಮ ಡ್ರೋನ್ ತಂಡದಲ್ಲಿದ್ದವನು. ಆ ತಂಡಕ್ಕೆ ಸೇರಲು ಹುಡುಗರು ಮೇಷ್ಟರ ಹಿಂದೆ ಮುಂದೆ ಸುತ್ತುತ್ತಿದ್ದರು. ಅದನ್ನು ಬಿಟ್ಟು ಈ ಚಮಚಕ್ಕೆ ಯಾಕೆ ಬಂದ?

'ನನಗೋಸ್ಕರವಾ?'

ಆ ಯೋಚನೆ ಬಂದದ್ದೇ ತಡ, ಅವಳು ನೆಲದ ಮೇಲಿನ ಬಟಾಣಿ ಆರಿಸತೊಡಗಿದಳು. ಅವನೂ ಕೂತು ಆರಿಸಿದ. ಇಬ್ಬರೂ ಒಂದೇ ಕಾಳಿಗೆ ಕೈ ಹಾಕಿದರು... ಇಬ್ಬರೂ ಬಿಟ್ಟರು.

ಕೊನೆಯ ವರ್ಷದಲ್ಲಿ ಬೇಕಾದವರು ಗೈಡ್ ಒಬ್ಬರ ಕೈಕೆಳಗೆ ಸಂಶೋಧನೆ ಮಾಡಬಹುದಿತ್ತು. ಹೊರಗಿನ ಪರೀಕ್ಷಕರು ಒಪ್ಪಿದರೆ ಪದವಿಯ ಮುಂದೆ 'ಆನರ್ಸ್' ಎಂಬ ಪದ ಸೇರುತ್ತದೆ. ಮುಂದೆ ಸಂಶೋಧನೆಗೆ ಹೋಗಬೇಕೆಂದಿದ್ದ ಅವಳಿಗೆ ಆ ಒಂದು ಪದ ಬೇಕೇ ಬೇಕಿತ್ತು. ಅದಿಲ್ಲದೆ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ.

ಗೈಡ್ ಮೇಡಂ ಮೊದಲ ದಿನವೇ ನಿಯಮ ಹೇಳಿದ್ದರು.

"ಒಬ್ಬರು ಕ್ಲಿನಿಕ್ಕಿಗೆ ಹೋಗಿ ರೀಡಿಂಗ್ ತಗೊಂಡು ಬನ್ನಿ. ಇನ್ನೊಬ್ಬರು ಇಲ್ಲಿ ಕೂತು ಲೆಕ್ಕ ಮಾಡಿ. ಲೆಕ್ಕ ಮಾಡೋರಿಗೆ ಅದು ಯಾರ ಕೈ ಅಂತ ಗೊತ್ತಾಗಬಾರದು, ನಂಬರ್ ಮಾತ್ರ ಗೊತ್ತಿರಬೇಕು. ನಿಮ್ಮ ನೆಂಟರಿಷ್ಟರನ್ನ ಸೇರಿಸೋ ಹಾಗಿಲ್ಲ. ಗೊತ್ತಿರೋರ ಕೈ ಅಂದ್ರೆ ಕಣ್ಣು ಸುಳ್ಳು ಹೇಳತ್ತೆ."

ಗುಮ್ಮ ಕ್ಲಿನಿಕ್ಕಿಗೆ ಹೋಗುತ್ತಿದ್ದ. ಅಲ್ಲಿ ಕೈ ನಡುಗುವವರು ಶನಿವಾರ ಬಂದು, ಚಮಚದಲ್ಲಿ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಬಟಾಣಿ ಸಾಗಿಸುತ್ತಿದ್ದರು. ಹ್ಯಾಂಡಲಿನೊಳಗಿನ ಸೆನ್ಸರು ಅವರ ನಡುಕವನ್ನೆಲ್ಲ ಬರೆದಿಡುತ್ತಿತ್ತು. ಸೋಮವಾರ ಅವಳ ಕಂಪ್ಯೂಟರಿನಲ್ಲಿ ಅದು ಗೆರೆಗಳಾಗಿ ಮೂಡುತ್ತಿತ್ತು. ಒಟ್ಟು ಹನ್ನೊಂದು ಜನ, ಹನ್ನೊಂದು ಗೆರೆ.

ಮುಖ ನೋಡದ ಆ ಜನರ ಮೇಲೆ ಅವಳಿಗೆ ಪ್ರೀತಿ ಹುಟ್ಟಿತು. ಎರಡನೆಯವರ ಗೆರೆ ಒಂದೇ ತಾಳದಲ್ಲಿ ಓಡುವುದರಿಂದ ಅವರು 'ಡೋಲು'. ಐದನೆಯವರು 'ಗಡಿಬಿಡಿ'. ಏಳನೆಯವರು 'ಹಠಮಾರಿ'. ಏಳನೆಯವರ ಗೆರೆ ಯಾರದ್ದರ ಹಾಗೂ ಇರಲಿಲ್ಲ. ಸಣ್ಣ ಸಣ್ಣ ನಡುಕ ಒಂದಷ್ಟು, ಆಮೇಲೆ ಉಸಿರು ಬಿಗಿಹಿಡಿದಂತೆ ಒಂದು ಕ್ಷಣ ನಿಲುಗಡೆ, ಆಮೇಲೆ ಪಕ್ಕಕ್ಕೆ ಒಂದು ದೊಡ್ಡ ಜಗ್ಗು.

"ಈ ಹಠಮಾರಿಗೆ ನಮ್ಮ ಚಮಚ ತುಂಬ ಚೆನ್ನಾಗಿ ಕೆಲಸ ಮಾಡ್ತಿದೆ ಕಣೋ," ಎಂದಿದ್ದಳು ಮೊದಲ ತಿಂಗಳು. "ಹತ್ತರಲ್ಲಿ ಒಂಬತ್ತು ಕಾಳು ಬಟ್ಟಲು ಸೇರಿವೆ."

ಅವನು ನಕ್ಕಿದ್ದ. ಗುಮ್ಮ ಬಾಯಿ ತುಂಬ ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅಂದು ಸಂಜೆ ಕ್ಯಾಂಟೀನಿನಲ್ಲಿ ಅವಳಿಗೂ ಟೀ ತಂದುಕೊಟ್ಟ. ಮರುದಿನವೂ ತಂದ. ಸಕ್ಕರೆ ಕಡಿಮೆ ಎಂದು ಅವಳು ಹೇಳದೆಯೇ ಅವನಿಗೆ ಗೊತ್ತಾಗಿತ್ತು.

ಲ್ಯಾಬಿನ ಪಕ್ಕದ ಹುಡುಗಿಯರು ಕಾಲೆಳೆಯತೊಡಗಿದರು. "ಏನು ಜಡ್ಜಮ್ಮ, ಗುಮ್ಮನ ಕೇಸು ಯಾವಾಗ ತೀರ್ಪು?"

"ಸಾಕ್ಷಿ ಇಲ್ಲ," ಎನ್ನುತ್ತಿದ್ದಳು ಅವಳು. ಸಾಕ್ಷಿ ಬೇಕಾದಷ್ಟಿತ್ತು. ಅವನು ರಜೆ ಹಾಕಿದ ದಿನ ಲ್ಯಾಬು ಬಣಗುಡುತ್ತಿತ್ತು. ಗೆರೆಗಳು ಕಂಪ್ಯೂಟರಿನಲ್ಲಿ ಓಡುತ್ತಿದ್ದರೂ ಅವಳ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು.

ಒಮ್ಮೆ ಹೊಸ ಹ್ಯಾಂಡಲ್ ಪರೀಕ್ಷಿಸಬೇಕಿತ್ತು. ಕ್ಲಿನಿಕ್ಕಿಗೆ ಒಯ್ಯುವ ಮೊದಲು ಯಾರಾದರೂ ಕೈ ನಡುಗಿಸಿ ನೋಡಬೇಕು. ಅವಳು ಮಾಡಿದ್ದು ಚಳಿಗೆ ನಡುಗಿದ ಹಾಗಿತ್ತು. ಅವನು ಚಮಚ ತೆಗೆದುಕೊಂಡ. ಸಣ್ಣ ನಡುಕ, ನಿಲುಗಡೆ, ಪಕ್ಕಕ್ಕೆ ಜಗ್ಗು...

"ಅಯ್ಯೋ, ಇದು ಥೇಟ್ ಹಠಮಾರಿ," ಎಂದು ಅವಳು ಚಪ್ಪಾಳೆ ತಟ್ಟಿದಳು. "ಎಷ್ಟು ಚೆನ್ನಾಗಿ ನಟನೆ ಮಾಡ್ತೀಯ ನೀನು."

ಅವನು ಚಮಚ ಕೆಳಗಿಟ್ಟು, ಕೈ ತೊಳೆಯಲು ಎದ್ದುಹೋದ.

ಆಮೇಲಿನ ತಿಂಗಳುಗಳಲ್ಲಿ ಏಳನೆಯವರ ಗೆರೆ ಕೆಟ್ಟಿತು. ಒಂಬತ್ತು ಕಾಳು ಏಳಾಯಿತು, ನಾಲ್ಕಾಯಿತು. ಉಳಿದ ಹತ್ತು ಜನರಿಗೆ ಚಮಚ ದಿನೇದಿನೇ ಚೆನ್ನಾಗಿ ಒದಗುತ್ತಿತ್ತು. ಈ ಒಬ್ಬರದ್ದೇ ಇಳಿಮುಖ.

"ನಿನ್ನ ಹಠಮಾರಿ ನಮ್ಮ ಗ್ರಾಫನ್ನೆಲ್ಲ ಹಾಳು ಮಾಡ್ತಿದ್ದಾರೆ ನೋಡು," ಎಂದಳು ಒಂದು ಸೋಮವಾರ, ಟೀ ಹೀರುತ್ತ, ಏನೂ ಯೋಚಿಸದೆ. "ಇವರೊಬ್ಬರು ಇಲ್ದಿದ್ರೆ ನಾವು ಗೆದ್ದ ಹಾಗೆ."

ಅವನು ಟೀ ಲೋಟ ಕೆಳಗಿಟ್ಟ. "ಇನ್ನೂ ದೊಡ್ಡ ಮೋಟರ್ ಹಾಕಿದ್ರೆ?" ಎಂದ.

"ಹ್ಯಾಂಡಲ್ ಭಾರ ಆಗತ್ತೆ. ಅವರ ಕೈ ಹಿಡಿಯಲ್ಲ."

"ಹಾಕಿ ನೋಡ್ತೀನಿ."

ಅಂದಿನಿಂದ ಅವನು ಲ್ಯಾಬು ಬಿಟ್ಟು ಕದಲಲಿಲ್ಲ. ದೊಡ್ಡ ಮೋಟರು ಹಾಕಿದ, ಹ್ಯಾಂಡಲು ಭಾರವಾಯಿತು. ಹಗುರ ಮಾಡಲು ಪ್ಲಾಸ್ಟಿಕ್ ಕೊರೆದ, ಬಿರುಕು ಬಿಟ್ಟಿತು. ಮತ್ತೆ ಮಾಡಿದ. ಊಟದ ಹೊತ್ತಿನಲ್ಲಿ ಅವನ ಫೋನು ಗುಂಯ್‌ಗುಟ್ಟುತ್ತಿತ್ತು. ಅವನು ಅದನ್ನು ಬೋರಲು ಹಾಕಿ ಸ್ಕ್ರೂ ಬಿಗಿಯುತ್ತಿದ್ದ. ಅವಳಿಗೆ ಒಳಗೊಳಗೇ ಹೆಮ್ಮೆ. ಯಾರೋ ಅಪರಿಚಿತರಿಗಾಗಿ ಇಷ್ಟು ಒದ್ದಾಡುವ ಹುಡುಗ ಎಲ್ಲಿ ಸಿಗುತ್ತಾನೆ? ಪರೀಕ್ಷಕರೆದುರಿನ ವೈವಾ ಮುಗಿದ ದಿನ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕೆಂದು ಅವಳು ತೀರ್ಮಾನಿಸಿದ್ದಳು.

ಹೇಳಬೇಕಾಗಿ ಬಂದದ್ದು ಬೇರೆಯೇ ಮಾತು.

ರಿಪೋರ್ಟು ಒಪ್ಪಿಸುವ ವಾರ ಅವಳು ಕೊನೆಯ ಲೆಕ್ಕಕ್ಕೆ ಕೂತಳು. ಗ್ರಾಫು ಬಂತು. ಅಷ್ಟು ಚೆಂದದ ಗ್ರಾಫನ್ನು ಅವಳು ನೋಡಿಯೇ ಇರಲಿಲ್ಲ. ಕೂಡಲೇ ಅವಳೊಳಗಿನ ತಕ್ಕಡಿಯವನ ಮಗಳಿಗೆ ಅನುಮಾನ ಬಂತು. ಮತ್ತೆ ಎಣಿಸಿದಳು. ಹತ್ತು ಗೆರೆ.

"ಏಳು ಎಲ್ಲಿ?"

ಗುಮ್ಮ ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದ. "ತೆಗೆದೆ."

"ತೆಗೆದೆ ಅಂದ್ರೆ?"

"ಅಳಿಸಿದೆ. ಮೊದಲಿಂದ ಕೊನೇವರೆಗೂ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಯಾಕೆ?"

"ಆ ಗೆರೆ ಯಾರೂ ನೋಡೋದು ಬೇಡ."

"ಯಾರೂ ನೋಡೋದು ಬೇಡ್ವಾ? ಅದು ಕೆಟ್ಟದಾಗಿ ಬಂತು ಅಂತನಾ? ಹಾಗಾದ್ರೆ ನಾವು ಬರೆದಿದ್ದೆಲ್ಲ ಸುಳ್ಳಾಗಲ್ವಾ? ಹೇಳು, ಯಾಕೆ ಅಳಿಸಿದೆ?"

ಅವನು ತಿರುಗಿದ. ಕನ್ನಡಕ ತೆಗೆದು ಒರೆಸಿಕೊಂಡ.

"ನೀನೇ ಅಂದಿದ್ಯಲ್ಲ, ಅವರೊಬ್ಬರು ಇಲ್ದಿದ್ರೆ ಗೆದ್ದ ಹಾಗೆ ಅಂತ," ಎಂದ ಕೊನೆಗೆ, ತೀರಾ ಮೆಲ್ಲಗೆ.

ಆ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ತನ್ನ ತಮಾಷೆಯನ್ನೇ ಹಿಡಿದುಕೊಂಡು ಮೋಸಕ್ಕೆ ನೆಪ ಮಾಡುತ್ತಿದ್ದಾನೆ ಎಂದುಕೊಂಡಳು. ಇಷ್ಟು ತಿಂಗಳು ಪಕ್ಕದಲ್ಲಿ ಕೂತು ಟೀ ಕುಡಿದದ್ದು ಇಂಥವನ ಜೊತೆಗಾ? ಅಳು ಬರುತ್ತಿತ್ತು. ಅಳಲಿಲ್ಲ. ಸೀದಾ ಗೈಡ್ ಮೇಡಂ ಕೋಣೆಗೆ ಹೋದಳು.

ಮೇಡಂ ಅವನನ್ನು ಕರೆಸಿದರು. "ಇದು ನಿಜನಾ?"

"ಹೌದು ಮೇಡಂ. ಅಳಿಸಿದ್ದು ನಾನು. ಇವಳಿಗೆ ಏನೂ ಗೊತ್ತಿರಲಿಲ್ಲ."

"ಕಾರಣ?"

ಅವನು ನೆಲ ನೋಡುತ್ತ ನಿಂತ. ಮೇಡಂ ಕಾದರು. ಅವಳೂ ಕಾದಳು... 'ಏನಾದ್ರೂ ಹೇಳು. ಒಂದೇ ಒಂದು ಮಾತು ಹೇಳು.' ಅವನು ಲ್ಯಾಬಿನ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದ. ಅವನ ಹೆಸರು ರಿಪೋರ್ಟಿನಿಂದ ಹೋಯಿತು, ಆನರ್ಸ್ ಹೋಯಿತು.

ಹ್ಯಾಂಡಲುಗಳೊಳಗಿನ ಮೆಮೊರಿ ಕಾರ್ಡಿನಲ್ಲಿ ಮೂಲ ರೀಡಿಂಗ್ ಇದ್ದೇ ಇತ್ತು. ಅವಳು ಏಳನೆಯವರ ಗೆರೆಯನ್ನು ಮತ್ತೆ ಎತ್ತಿ ಕೂರಿಸಿದಳು. ಕೊನೆಯ ಶನಿವಾರದ ರೀಡಿಂಗ್ ವಿಚಿತ್ರವಾಗಿತ್ತು. ಒಂದು ಕಾಳೂ ಬಟ್ಟಲು ಸೇರಿರಲಿಲ್ಲ. ಗೆರೆ ಹುಚ್ಚೆದ್ದು ಕುಣಿಯುತ್ತಿದ್ದುದು ಸಮಯ ಮುಗಿಯುವ ಮೊದಲೇ, ಯಾರೋ ಒತ್ತಿಹಿಡಿದಂತೆ ತಟ್ಟನೆ ನೆಟ್ಟಗಾಗಿ ನಿಂತಿತ್ತು.

ಗೆದ್ದವಳು ಅವಳೇ. ಆದರೆ ಲ್ಯಾಬಿನಲ್ಲಿ ಒಬ್ಬಳಿಗೇ ತಂದುಕೊಂಡ ಟೀ ಲೋಟದಲ್ಲೇ ತಣ್ಣಗಾಗುತ್ತಿತ್ತು.

ವೈವಾ ಹತ್ತಿರ ಬಂದಾಗ ಮೇಡಂ ಹೇಳಿದರು, "ದೊಡ್ಡ ಮೋಟರಿನ ಹ್ಯಾಂಡಲ್ ಒಂದು ಅವನ ಹತ್ರಾನೇ ಉಳ್ಕೊಂಡಿದೆ. ಪರೀಕ್ಷಕರಿಗೆ ಎಲ್ಲಾನೂ ತೋರಿಸ್ಬೇಕು. ಹೋಗಿ ತಗೊಂಡು ಬಾ."

"ನಾನಾ ಮೇಡಂ?"

"ಇನ್ಯಾರು?"

ಸೈಕಲ್ ಅಂಗಡಿಯ ಮೇಲಿನ ಮನೆ. ಕಿರಿದಾದ ಮೆಟ್ಟಿಲು, ತಣ್ಣಗಿನ ಕಬ್ಬಿಣದ ಕಂಬಿ. ಬಾಗಿಲ ಪಕ್ಕದಲ್ಲಿ 'ಮಕ್ಕಳ ಉಡುಪು ಹೊಲಿದುಕೊಡಲಾಗುವುದು' ಎಂಬ ಬೋರ್ಡು ಒಂದೇ ಮೊಳೆಗೆ ಜೋತುಬಿದ್ದಿತ್ತು. ಅವಳು ಬಾಗಿಲು ತಟ್ಟಿ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಸರಿಮಾಡಿಕೊಂಡಳು. 'ಹ್ಯಾಂಡಲ್ ಕೊಡು. ಅಷ್ಟೇ. ಬೇರೆ ಏನೂ ಮಾತಾಡೋಕೆ ಬಂದಿಲ್ಲ.'

ಒಳಗಿನಿಂದ ಯಾರೋ ಚಿಲಕಕ್ಕೆ ಕೈ ಹಾಕಿದರು.

ಟಕಟಕಟಕ ಎಂದು ಸಣ್ಣಗೆ ಚಿಲಕ ಅಲುಗಿತು. ನಿಂತಿತು. ಆಮೇಲೆ ಪಕ್ಕಕ್ಕೆ ಒಂದು ದೊಡ್ಡ ಜಗ್ಗು.

ಮತ್ತೆ ಸಣ್ಣ ಸದ್ದು... ನಿಲುಗಡೆ... ಜಗ್ಗು.

ಆ ಸದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಆದರೆ ಎಷ್ಟು ಸೋಮವಾರ ಅದನ್ನೇ ನೋಡುತ್ತ ಕೂತಿದ್ದಳು. ಕಣ್ಣು ಮುಚ್ಚಿದರೂ ಆ ಗೆರೆಯನ್ನು ಬಿಡಿಸಬಲ್ಲಳು.

ಬಾಗಿಲು ತೆರೆಯಿತು. ತೆಳ್ಳಗಿನ ಹೆಂಗಸು, ಬಾಚಿ ಕಟ್ಟಿದ ನರೆಗೂದಲು, ಗುಮ್ಮನದೇ ಕಣ್ಣು. ಬಲಗೈಯನ್ನು ಎಡಗೈಯಿಂದ ಅದುಮಿಕೊಂಡಿದ್ದರು.

"ನೀನೇನಾ ಜಡ್ಜಮ್ಮ?" ಎಂದರು. "ಫೋಟೋದಲ್ಲಿ ಇನ್ನೂ ಜೋರಾಗಿ ಕಾಣ್ತೀಯ. ಬಾ, ಒಳಗೆ ಬಾ. ಅವನು ಔಷಧಿ ತರೋಕೆ ಹೋಗಿದ್ದಾನೆ."

ಅವಳು ಹೊಸ್ತಿಲಲ್ಲೇ ಅತ್ತುಬಿಟ್ಟಳು.

"ಏಳನೆಯವರು... ನೀವೇನಾ?"

"ಓ, ನಂಬರೂ ಗೊತ್ತಾಯ್ತಾ? ಹೆಸರೂ ಇಟ್ಟಿದ್ಯಂತಲ್ಲ, ಹಠಮಾರಿ ಅಂತ." ಅವರು ನಕ್ಕರು. "ಸರಿಯಾಗೇ ಇಟ್ಟಿದ್ದೀಯ. ಬೇಕಾದ್ರೆ ನನ್ನ ಗಿರಾಕಿಗಳನ್ನ ಕೇಳು."

ಕೋಣೆಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಅಮ್ಮ ಅವಳನ್ನು ಅದರ ಸ್ಟೂಲಿನ ಮೇಲೆ ಕೂರಿಸಿ ನಿಧಾನವಾಗಿ ಹೇಳಿದರು. ಡ್ರೋನ್ ಬಿಟ್ಟು ಮಗ ಚಮಚಕ್ಕೆ ಬಂದದ್ದು ಇದಕ್ಕೇ. ತನ್ನ ಅಮ್ಮನನ್ನು ಸೇರಿಸುವ ಹಾಗಿಲ್ಲ ಎಂದು ಗೊತ್ತಿದ್ದೂ ಏಳನೆಯ ನಂಬರು ಕೊಟ್ಟು ಸೇರಿಸಿದ್ದ. ಕಾಯಿಲೆ ಇಷ್ಟು ಬೇಗ ಕೆರಳುತ್ತದೆಂದು ಅವನು ಎಣಿಸಿರಲಿಲ್ಲ.

"ಮೇಡಂ ಕೇಳಿದಾಗ ಹೇಳ್ಬಹುದಿತ್ತಲ್ಲ ಅಮ್ಮ..."

"ಹೇಳಿದ್ರೆ ನಿನ್ನ ಕೆಲಸಾನೂ ಹೋಗತ್ತೆ ಅಂದ. ಅದೊಂದೇ ಅಲ್ಲ ಬಿಡು. ಆ ಗೆರೆ ಅವನು ನೋಡಲಾರ. ನನಗೂ ತೋರಿಸಲ್ಲ. 'ಚೆನ್ನಾಗಿದೆ ಅಮ್ಮ, ಚೆನ್ನಾಗಿದೆ' ಅಂತಾನೆ. ಊಟದ ಹೊತ್ತಲ್ಲಿ ಬಾ, ಜೊತೇಲಿ ಕೂತು ಉಣ್ಣೋಣ ಅಂತ ಫೋನ್ ಮಾಡಿದ್ರೆ, ಚಮಚ ಮುಗೀಲಿ ಅಂತಾನೆ." ಅವರು ಅವಳ ಮಡಿಲಲ್ಲಿದ್ದ ಲ್ಯಾಪ್‌ಟಾಪ್ ಚೀಲ ನೋಡಿದರು. "ಅದರಲ್ಲಿದೆಯಾ? ತೋರಿಸ್ತೀಯಾ ನನ್ನ ಗೆರೆ?"

"ಬೇಡ ಅಮ್ಮ."

"ಅದು ನನ್ನ ಕೈಯದ್ದು ಕಣಮ್ಮ."

ಅವಳು ತೋರಿಸಿದಳು. ಮೊದಲ ತಿಂಗಳು, ನಡುವಿನ ತಿಂಗಳು, ಕೊನೆಯದು. ಅಮ್ಮ ತುಂಬ ಹೊತ್ತು ನೋಡಿದರು. ಅವರ ಕೈ ಪರದೆಯ ಮೇಲಿನ ಗೆರೆಯಂತೆಯೇ ಅಲುಗುತ್ತಿತ್ತು.

"ಇಷ್ಟು ಬೇಗನಾ..." ಎಂದರು. ಆಮೇಲೆ ಕಣ್ಣು ಒರೆಸಿಕೊಂಡು, "ಇದನ್ನ ಬರಿ. ನಾನು ಪ್ರತಿ ಶನಿವಾರ ಹೋಗಿ ಆ ಕಾಳು ಎತ್ತಿದ್ದು ಸುಳ್ಳಾಗೋದು ಬೇಡ. ನಾನು ಇವನ ತಾಯಿ ಅಂತಾನೂ ಬರಿ. ಇಲ್ದಿದ್ರೆ ನನ್ನ ಮಗ ಮೋಸಗಾರ ಅಂತಲೇ ಉಳ್ಕೊಳ್ತಾನೆ."

ಅಷ್ಟರಲ್ಲಿ ಬಾಗಿಲಲ್ಲಿ ಗುಮ್ಮ ನಿಂತಿದ್ದ, ಕೈಯಲ್ಲಿ ಔಷಧಿಯ ಪೊಟ್ಟಣ. ಅವನು ಅವಳನ್ನು ನೋಡಿದ, ತೆರೆದ ಪರದೆಯನ್ನು ನೋಡಿ ಥಟ್ಟನೆ ಮುಖ ತಿರುಗಿಸಿದ.

"ಅಮ್ಮನಿಗೆ ತೋರಿಸಿದ್ಯಾ?"

"ಅವರೇ ಕೇಳಿದ್ರು..."

"ಸರಿ ತಪ್ಪು ಬಿಟ್ರೆ ಬೇರೇನೂ ಗೊತ್ತೇ ಇಲ್ವಾ ನಿನಗೆ?" ಅವನ ದನಿ ಒಡೆಯಿತು. ಕಪಾಟಿನಿಂದ ಹ್ಯಾಂಡಲ್ ತೆಗೆದು ಅವಳ ಕೈಯಲ್ಲಿಟ್ಟ. "ತಗೋ. ಹೋಗು."

ಮೆಟ್ಟಿಲಿಳಿಯುವಾಗ ಅವಳ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. 'ಹಠಮಾರಿ ಅಂದೆ. ಗ್ರಾಫ್ ಹಾಳು ಮಾಡ್ತಿದ್ದಾರೆ ಅಂದೆ. ಅವರೊಬ್ಬರು ಇಲ್ದಿದ್ರೆ ಅಂದೆ... ಅವನ ಮುಂದೆ ಕೂತು, ಟೀ ಕುಡೀತಾ ಅಂದೆ.' ನಿಯಮದ ಪ್ರಕಾರ ಅವಳ ತಪ್ಪೇನೂ ಇರಲಿಲ್ಲ. ಅದರಿಂದ ಅವಳಿಗೆ ಎಳ್ಳಷ್ಟೂ ಸಮಾಧಾನ ಸಿಗಲಿಲ್ಲ.

ಮರುದಿನ ಮೇಡಂಗೆ ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಹೇಳದೆ ಇದ್ದಿದ್ರೆ ನಿನ್ನ ಆನರ್ಸಿಗೆ ತೊಂದರೆ ಇರಲಿಲ್ಲ."

"ಗೊತ್ತು ಮೇಡಂ."

"ಈಗ ಇದನ್ನೂ ರಿಪೋರ್ಟಿನಲ್ಲಿ ಬರೀಬೇಕು. ಪರೀಕ್ಷಕರು ಒಪ್ಪದಿದ್ರೆ ವರ್ಷದ ಕೆಲಸ ನೀರಲ್ಲಿ ಹೋಮ."

"ಹೋದ್ರೆ ಹೋಗ್ಲಿ ಅನ್ನೋ ಧೈರ್ಯ ನನಗಿಲ್ಲ ಮೇಡಂ. ಆದ್ರೂ ಬರೀತೀನಿ."

ಅವಳು ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದಳು. ಚಮಚ ಎಲ್ಲಿಯವರೆಗೆ ಸಾಲುತ್ತದೆ, ಎಲ್ಲಿಂದಾಚೆಗೆ ಸಾಲದು ಎಂಬ ಅಧ್ಯಾಯ ಅದು. ಅದರ ತುಂಬ ಏಳನೆಯವರೇ ಇದ್ದರು.

ವೈವಾದ ದಿನ ಪರೀಕ್ಷಕರು ಆ ಪುಟವನ್ನು ಎರಡು ಸಲ ತಿರುವಿದರು. "ಈ ಒಬ್ಬರನ್ನ ಬಿಟ್ಟಿದ್ರೆ ನಿಮ್ಮ ಫಲಿತಾಂಶ ಅದ್ಭುತವಾಗಿರ್ತಿತ್ತು. ಯಾಕೆ ಇಟ್ಕೊಂಡ್ರಿ?"

ಅವಳು ಸಿದ್ಧಮಾಡಿಕೊಂಡಿದ್ದ ಉತ್ತರ ಬೇರೆಯಿತ್ತು. ಬಾಯಿಗೆ ಬಂದದ್ದು ಇದು. "ಕೈ ತುಂಬ ನಡುಗೋರಿಗೇ ಅಲ್ವಾ ಸರ್ ಚಮಚ ಬೇಕಾಗಿರೋದು? ಅವರನ್ನೇ ಬಿಟ್ಟು ನಾವು ಯಾರಿಗೆ ಮಾಡಿದ ಹಾಗಾಯ್ತು?"

ಪರೀಕ್ಷಕರು ಏನೋ ಬರೆದುಕೊಂಡರು.

ಅವಳಿಗೆ ಆನರ್ಸ್ ಸಿಕ್ಕಿತು. ನಿಯಮ ಮುರಿದದ್ದಕ್ಕಾಗಿ ಅಂಕ ಕಡಿತವಾಯಿತು. ಗುಮ್ಮನಿಗೆ ಆನರ್ಸ್ ಸಿಗಲಿಲ್ಲ, ಬರೀ ಪದವಿ. ಆದರೆ ಹ್ಯಾಂಡಲ್ ಮಾಡಿದವನು ಎಂದು ಅವನ ಹೆಸರು ಮೊದಲ ಪುಟದಲ್ಲಿ ಇರಲಿ ಎಂದು ಮೇಡಂ ಒಪ್ಪಿದರು. ಅವಳ ಅಪ್ಪ ಫೋನಿನಲ್ಲಿ "ಗೆದ್ದೆಯಲ್ಲ ಪುಟ್ಟಿ, ಯಾಕೆ ಹೀಗೆ ಮಾತಾಡ್ತಿದ್ದೀಯ?" ಎಂದರು. ಅವಳು ನೆಗಡಿ ಎಂದಳು.

ರಿಪೋರ್ಟು ಬೈಂಡಾಗಿ ಬಂದ ದಿನ ಅವಳು ಮತ್ತೆ ಆ ಮೆಟ್ಟಿಲು ಹತ್ತಿದಳು. ಈ ಸಲ ಚಿಲಕ ಸದ್ದಿಲ್ಲದೆ ಸರಿಯಿತು. ಬಾಗಿಲು ತೆಗೆದವನು ಗುಮ್ಮ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅಮ್ಮ ಹಾಸಿಗೆಯಲ್ಲಿದ್ದರು. ತಲೆದಿಂಬಿಗೆ ಒರಗಿಸಿ ಕೂರಿಸಿದ್ದ. ಮಾತೂ ನಿಧಾನವಾಗಿತ್ತು.

"ತಂದ್ಯಾ?"

"ತಂದೆ ಅಮ್ಮ."

"ಇವನ ಕೈಗೆ ಕೊಡು. ಇವನೇ ಓದಲಿ."

"ಅಮ್ಮ, ಬೇಡ," ಎಂದ ಗುಮ್ಮ.

"ಓದು ಮಗಾ. ನನಗೆ ಪುಸ್ತಕ ಹಿಡಿಯೋಕಾಗಲ್ಲ."

ಅವನು ಹಾಸಿಗೆಯ ಅಂಚಿನಲ್ಲಿ ಕೂತ. ಕೊನೆಯ ಅಧ್ಯಾಯ ತೆರೆದ. ಇಷ್ಟು ತಿಂಗಳು ಕಣ್ಣೆತ್ತಿ ನೋಡದ ಗೆರೆ ಪುಟದ ತುಂಬ ಇತ್ತು. ಅವನು ಓದತೊಡಗಿದ.

"ಏಳನೆಯವರು. ವೃತ್ತಿಯಿಂದ ಹೊಲಿಗೆಯವರು. ಈ ಹ್ಯಾಂಡಲ್ ಮಾಡಿದವನ ತಾಯಿ. ಮೊದಲ ತಿಂಗಳು ಹತ್ತು ಕಾಳಿನಲ್ಲಿ ಒಂಬತ್ತನ್ನು ಬಟ್ಟಲು ಸೇರಿಸಿದರು..."

ಏಳು ಬಂತು, ನಾಲ್ಕು ಬಂತು. ಅವನ ದನಿ ಸಣ್ಣದಾಗುತ್ತ ಹೋಯಿತು. ಅವಳು ಗೋಡೆಗೆ ಆನಿಕೊಂಡು ನಿಂತಿದ್ದಳು.

"ಕೊನೆಯ ಶನಿವಾರ ಒಂದು ಕಾಳೂ ಸೇರಲಿಲ್ಲ. ರೀಡಿಂಗ್ ಅರ್ಧದಲ್ಲೇ ನಿಂತಿದೆ. ಅವರು ಪ್ರಯತ್ನ ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದು..."

ಮುಂದಿನ ಪದ ಅವನ ಬಾಯಿಂದ ಹೊರಡಲಿಲ್ಲ. "ನಾನೇ ಅಮ್ಮ," ಎಂದ. "ನಿನ್ನ ಕೈ ಹಿಡಿದುಬಿಟ್ಟೆ. ನೋಡೋಕಾಗಲಿಲ್ಲ."

"ಗೊತ್ತು ಬಿಡು. ಕೈ ಹಿಡಿದವನು ಯಾರು ಅಂತ ನನಗೆ ಗೊತ್ತಾಗಲ್ವಾ?" ಅಮ್ಮ ಪುಟದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ಆದರೂ ಇಷ್ಟು ಸೊಟ್ಟ ಹೊಲಿಗೆ ನಾನು ಜನ್ಮದಲ್ಲಿ ಹಾಕಿರಲಿಲ್ಲ."

ಅವನಿಗೆ ನಗು ಬಂತು. ನಗುತ್ತಲೇ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತ. ನಡುಗುವ ಆ ಕೈ ಅವನ ತಲೆ ಸವರಲು ಹೋಗಿ ಪಕ್ಕಕ್ಕೆ ಜಾರಿತು, ಮತ್ತೆ ಬಂತು, ಮತ್ತೆ ಜಾರಿತು. ಅವಳು ಹತ್ತಿರ ಹೋಗಿ ಆ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಅವನ ತಲೆಯ ಮೇಲಿಟ್ಟು ಹಾಗೇ ಹಿಡಿದುಕೊಂಡಳು.

ಅಮ್ಮನಿಗೆ ನಿದ್ದೆ ಹತ್ತಿದ ಮೇಲೆ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತರು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಟಯರಿಗೆ ಗಾಳಿ ಹೊಡೆಯುತ್ತಿದ್ದರು.

"ಡಾಕ್ಟರ್ ಏನಂತ ಹೇಳಿದ್ರು?"

"ಜಾಸ್ತಿ ಆಸೆ ಇಟ್ಕೋಬೇಡಿ ಅಂದ್ರು." ಅವನು ಕಂಬಿ ಹಿಡಿದು ಕೂತಿದ್ದ. "ವರ್ಷವಿಡೀ ಚಮಚ ಸರಿ ಮಾಡ್ತಾ ಕೂತೆ. ಅಮ್ಮ ಕೇಳ್ತಿದ್ದಿದ್ದು ಚಮಚ ಅಲ್ಲ. ಜೊತೇಲಿ ಕೂತು ಊಟ ಮಾಡು ಅಂತ ಕೇಳ್ತಿದ್ಲು. ನಾನು ಫೋನ್ ಬೋರಲು ಹಾಕ್ತಿದ್ದೆ."

ಸಮಾಧಾನದ ಮಾತು ಅವಳಲ್ಲಿ ಇರಲಿಲ್ಲ. ಇದ್ದದ್ದನ್ನೇ ಹೇಳಿದಳು.

"ನಿನ್ನ ಮೇಲೆ ದೂರು ಕೊಟ್ಟಾಗ, ಸತ್ಯಕ್ಕೋಸ್ಕರ ಕೊಡ್ತಿದ್ದೀನಿ ಅನ್ಕೊಂಡಿದ್ದೆ. ಅಷ್ಟೇ ಅಲ್ಲ... ನಾನು ಇಷ್ಟಪಟ್ಟೋನು ಇಂಥವನಾ ಅಂತ ಹೊಟ್ಟೆ ಉರಿದುಹೋಗಿತ್ತು."

ಅವನು ತಿರುಗಿ ನೋಡಿದ. "ಇಷ್ಟಪಟ್ಟೋನಾ?"

"ಹೂಂ. ನೀನು ನನಗೋಸ್ಕರ ಬಂದಿಲ್ಲ ಅಂತ ಈಗ ಗೊತ್ತಾಯ್ತು. ಆದ್ರೂ ಹಾಗೇ ಇದೆ."

"ಬಂದಿದ್ದು ಅಮ್ಮನಿಗೋಸ್ಕರಾನೇ," ಎಂದ ಅವನು. "ಆದ್ರೆ ಸೋಮವಾರ ಬೆಳಿಗ್ಗೆ ಓಡೋಡಿ ಬರ್ತಿದ್ದಿದ್ದು ಅಮ್ಮನಿಗೋಸ್ಕರ ಅಲ್ಲ. ಅಮ್ಮನಿಗೂ ಅದು ಗೊತ್ತಿತ್ತು."

ಅವಳ ಕಣ್ಣು ತುಂಬಿತು. ಒರೆಸಿಕೊಂಡು ಅವನ ಕಡೆ ತಿರುಗಿದಳು.

"ನನ್ನ ಮೇಲೆ ಕೋಪ ಇದೆಯಾ?"

"ಇದೆ."

"ಎಷ್ಟು ದಿನ ಇರತ್ತೆ?"

"ಗೊತ್ತಿಲ್ಲ. ದಿನಾ ಬಂದು ಕೇಳು."

"ದಿನಾ ಬರ್ಲಾ?"

"ಊಟದ ಹೊತ್ತಿಗೆ ಬಾ," ಎಂದ ಅವನು. "ತಿನ್ನಿಸುವಾಗ ಯಾರಾದ್ರೂ ಪಕ್ಕದಲ್ಲಿ ಮಾತಾಡ್ತಾ ಇದ್ರೆ ಅಮ್ಮ ಎರಡು ತುತ್ತು ಜಾಸ್ತಿ ತಿಂತಾಳೆ."

"ನೀನು?"

ಅವನು ಅವಳ ಕೈ ಹಿಡಿದುಕೊಂಡ.

"ನಾನೂ ತಿಂತೀನಿ."